ಚಹಾ ಬರುವ ಮೊದಲೇ ಮುಗಿದ ಫೈನಲ್

ಫೈನಲ್ ಮುಗಿದಾಗ ನೋಡಲು ಬಂದವರಿಗೆಂದು ಹೇಳಿದ್ದ ಚಹಾ ಇನ್ನೂ ಬಂದಿರಲಿಲ್ಲ.

ಸಾಂಗ್ಲಿಯ ಹಳೆಯ ಟೆನಿಸ್ ಕ್ಲಬ್ಬೊಂದರಲ್ಲಿ ಪ್ರತಿ ವರ್ಷ ನಡೆಯುವ ಮಹಿಳೆಯರ ಜಿಲ್ಲಾ ಸ್ಪರ್ಧೆ ಅದು. ಆ ಭಾನುವಾರ ಕೆಂಪುಮಣ್ಣಿನ ಅಂಕಣದ ಸುತ್ತ ಕುರ್ಚಿಗಳು ತುಂಬಿದ್ದವು. ಬಲೆಯ ಈಚೆಗೆ ದೀಪಾಲಿ, ಮಾರ್ಕೆಟ್ ಯಾರ್ಡಿನ ಅರಿಸಿನ ವ್ಯಾಪಾರಿ ಬಾಳಾಸಾಹೇಬರ ಮಗಳು, ಕಾಲೇಜಿನ ಕೊನೆಯ ವರ್ಷದಲ್ಲಿದ್ದವಳು. ಆಚೆಗೆ ಯೋಗಿತಾ. ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ಆರಗ ಅವಳ ಊರು. ಮನೆಯಲ್ಲಿ ಕುರಿ, ಒಂದಿಷ್ಟು ಹೊಲ. ಶಾಲೆಗೆಂದು ಮಿರಜದ ಚಿಕ್ಕಮ್ಮನ ಮನೆಗೆ ಬಂದವಳು ಪಕ್ಕದ ಮೈದಾನದಲ್ಲಿ ರಾಕೆಟ್ ಹಿಡಿದಳು. ಈಗ ಜಿಲ್ಲೆಯಲ್ಲಿ ಅವಳಿಗೆ ಸರಿಸಾಟಿ ಇರಲಿಲ್ಲ. ದೀಪಾಲಿ ಅವಳೆದುರು ಆಡಿದ ಫೈನಲ್‌ಗಳನ್ನೆಲ್ಲ ಸೋತಿದ್ದಳು.

ಅಂಥ ಯೋಗಿತಾ ಆ ದಿನ ಒಂದೇ ಒಂದು ಗೇಮ್ ಗೆಲ್ಲಲಿಲ್ಲ. ಆರು-ಸೊನ್ನೆ, ಆರು-ಸೊನ್ನೆ. ಎಲ್ಲ ಸೇರಿ ಅರ್ಧ ಗಂಟೆಯೂ ಹಿಡಿಯಲಿಲ್ಲ.

ಅವಳ ಆಟದ ಬಲವೇ ತಾಳ್ಮೆ. ಹಿಂದಿನ ಗೆರೆಯಲ್ಲಿ ನಿಂತು, ಎದುರಿನವರು ದಣಿದು ತಪ್ಪು ಮಾಡುವ ತನಕ ಚೆಂಡನ್ನು ಮರಳಿಸುತ್ತಲೇ ಇರುವವಳು. ಆ ದಿನ ಮಾತ್ರ ಮೊದಲ ಚೆಂಡಿನಿಂದಲೇ ಮೈಯೆಲ್ಲ ಕಸುವು ಹಾಕಿ ಬಾರಿಸತೊಡಗಿದಳು. ಒಂದು ಬಲೆಗೆ, ಇನ್ನೊಂದು ಗೆರೆಯಾಚೆ, ಮತ್ತೊಂದು ಹಿಂದಿನ ತಂತಿಗೆ. ಅಪ್ಪಿತಪ್ಪಿ ಒಳಗೆ ಬಿದ್ದ ಚೆಂಡುಗಳನ್ನು ದೀಪಾಲಿ ಮೂಲೆಗೆ ಅಟ್ಟಿದಳು. ದೀಪಾಲಿಗೆ ಆ ದಿನ ಚೆಂಡು ಬಲೆ ದಾಟುವ ಮೊದಲೇ ಎಲ್ಲಿ ಬೀಳುತ್ತದೆಂದು ತಿಳಿಯುತ್ತಿತ್ತು. ಕಾಲು ತಾವಾಗಿಯೇ ಅಲ್ಲಿಗೆ ಹೋಗುತ್ತಿದ್ದವು. ಹೀಗೂ ಆಡಬಹುದೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಕೊನೆಯ ಪಾಯಿಂಟಿಗೆ ಚಪ್ಪಾಳೆ ಬೀಳಲಿಲ್ಲ. ಯಾರೋ "ಹೇ ಕಾಯ?" ಎಂದರು, ಇದೇನಿದು ಎನ್ನುವಂತೆ. ಇನ್ನೊಬ್ಬರು ನಕ್ಕರು.

ಅಂಪೈರ್ ಛಾಯಾ ಮ್ಯಾಡಮ್ ಕುರ್ಚಿಯಿಂದ ಇಳಿದು ಯೋಗಿತಾಳ ಹತ್ತಿರ ಬಂದರು. ಹಿಂದೆ ರಾಜ್ಯಮಟ್ಟದಲ್ಲಿ ಆಡಿದವರು, ಈಗ ಕ್ಲಬ್ಬಿನ ಸೆಕ್ರೆಟರಿ. "ಮೈಯಾಗ ಹುಷಾರಿಲ್ಲೇನ? ಕೈಗೆ ಏನರ ಆಗೇತೇನ?"

"ಇಲ್ರಿ."

"ಮತ್ತ?"

ಯೋಗಿತಾ ದೀಪಾಲಿಯ ಕೈಯನ್ನು ಮುಟ್ಟಿಯೂ ಮುಟ್ಟದಂತೆ ಕುಲುಕಿ, ಚೀಲ ಹೆಗಲಿಗೇರಿಸಿಕೊಂಡು ಗೇಟಿನತ್ತ ಹೋದಳು. ಅಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಎತ್ತರದ ಮನುಷ್ಯ ಕಾದಿದ್ದ. ಅವಳ ತಂದೆ ಅಮೋಘಸಿದ್ಧ. ಅವನು ಬಾಳಾಸಾಹೇಬರತ್ತ ಒಮ್ಮೆ ನೆಟ್ಟ ದೃಷ್ಟಿಯಿಂದ ನೋಡಿದ. ಬಾಳಾಸಾಹೇಬರು ಕೂಡಲೇ ಕಣ್ಣು ತಪ್ಪಿಸಿದರು.

ಅದನ್ನು ದೀಪಾಲಿ ನೋಡಿದಳು.

ಸಣ್ಣ ಪಂದ್ಯ ಗೆದ್ದರೂ ಕುರ್ಚಿಯ ಮೇಲೆ ಹತ್ತಿ ನಿಂತು ಕೂಗುವ ತಂದೆ ಬಾಳಾಸಾಹೇಬರು. ಆ ದಿನ ಕಪ್ ಎತ್ತಿಕೊಂಡು ಬಂದ ಮಗಳಿಗೆ, "ಛಲೋ ಆತು ಬಿಡು, ನಡಿ ಮನಿಗೆ ಹೋಗೂಣು" ಎಂದಷ್ಟೇ ಹೇಳಿ ಕಾರಿನ ಕೀಲಿ ಹುಡುಕತೊಡಗಿದರು.

ಮರುದಿನ ಬೆಳಗಾಗುವಷ್ಟರಲ್ಲಿ ಊರಿನ ಮೊಬೈಲುಗಳಲ್ಲೆಲ್ಲ ಆ ಪಂದ್ಯದ ವಿಡಿಯೊ ಓಡಾಡುತ್ತಿತ್ತು. ಯಾರೋ ಇಡೀ ಪಂದ್ಯವನ್ನು ಸೆರೆಹಿಡಿದು, ಯೋಗಿತಾ ಹೊರಗೆ ಹೊಡೆದ ಚೆಂಡುಗಳನ್ನಷ್ಟೇ ಕತ್ತರಿಸಿ ಜೋಡಿಸಿದ್ದರು. ಕೆಳಗೆ ಮರಾಠಿಯಲ್ಲಿ ಒಂದು ಸಾಲು: ಅರಿಸಿನ ಬಳಿದ ಫೈನಲ್. ಬಾಳಾಸಾಹೇಬರ ಹೆಸರು ಬರೆಯುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಕಾಲೇಜಿನಲ್ಲಿ ಗೆಳತಿಯರು ದೀಪಾಲಿಗೆ ಅಭಿನಂದನೆ ಹೇಳಿ, ಹೇಳಿದ ಮೇಲೆ ಅವಳ ಮುಖವನ್ನೇ ನೋಡಿದರು. ವಾರದೊಳಗೆ ಕ್ಲಬ್ಬಿನ ಸಮಿತಿ ಸಭೆ ಸೇರಿ, ವಿಚಾರಣೆ ಮುಗಿಯುವವರೆಗೆ ಯೋಗಿತಾ ಯಾವ ಸ್ಪರ್ಧೆಯಲ್ಲೂ ಆಡುವಂತಿಲ್ಲ ಎಂದಿತು. ಗೆದ್ದವಳ ಮೇಲೆ ಕ್ರಮ ಇಲ್ಲ. ಮಿರಜದಲ್ಲಿ ಯೋಗಿತಾಳ ಕೋಚ್ ಅರಿಹಂತ ಸರ್ ಕೂಡ, "ಇದು ಸಾಫ್ ಆಗೂತನಕ ಬರಬ್ಯಾಡ" ಎಂದು ಹೇಳಿ ಕಳಿಸಿದ ಸುದ್ದಿ ಬಂತು. ದಿನವೂ ಅವಳ ಆಟ ನೋಡಿದವರಿಗೇ ನಂಬಿಕೆಯಿಲ್ಲ ಎಂದಮೇಲೆ ಉಳಿದವರ ಮಾತೇನು?

ದೀಪಾಲಿಯ ತಲೆಯಲ್ಲಿ ಮಾತ್ರ ಬೇರೊಂದು ಹುಳ ಕೊರೆಯುತ್ತಿತ್ತು. ಫೈನಲ್‌ನ ಹಿಂದಿನ ದಿನ ಅವಳು ಹೊಸ ಶೂ ತರಲು ತಂದೆಗೆ ಫೋನ್ ಮಾಡಿದ್ದಳು. "ಸೌದ್ಯಾದಾಗ ಅದೀನಿ, ಹರಾಜು ನಡದೈತಿ" ಎಂದಿದ್ದರು ಅವರು. ಅರಿಸಿನದ ಹರಾಜೆಂದರೆ ಫೋನಿನಲ್ಲಿ ಕಿವಿ ಕಿತ್ತುಹೋಗುವಷ್ಟು ಗದ್ದಲ. ಆ ದಿನ ತಂದೆಯ ದನಿಯ ಹಿಂದೆ ಕೇಳಿದ್ದು ಕುರಿಗಳ ಸದ್ದು. ಆಗ ಅದು ಅವಳ ಮನಸ್ಸಿಗೆ ನಾಟಿರಲಿಲ್ಲ, ಈಗ ಯೋಗಿತಾಳ ಮನೆಯ ಕುರಿಗಳು ನೆನಪಾದವು.

ಅವಳು ಒಂದು ಮಧ್ಯಾಹ್ನ, ತಂದೆ ಊಟಕ್ಕೆ ಮನೆಗೆ ಹೋಗಿರುವ ಹೊತ್ತು ನೋಡಿ ಅಂಗಡಿಗೆ ಹೋದಳು. ಗೋದಾಮಿನ ಬಾಗಿಲಲ್ಲಿ ಹಳದಿ ಧೂಳು ಬಿಸಿಲಲ್ಲಿ ತೇಲುತ್ತಿತ್ತು. ಕಾರು ಓಡಿಸುವ, ಅಂಗಡಿಯನ್ನೂ ನೋಡಿಕೊಳ್ಳುವ ರಾವಸಾಬ ಗೋಣಿಚೀಲದ ಮೇಲೆ ಕೂತು ಜೋಳದ ಭಾಕರಿ ತಿನ್ನುತ್ತಿದ್ದ. ಅವಳನ್ನು ಚಿಕ್ಕಂದಿನಿಂದ ಎತ್ತಿ ಆಡಿಸಿದವನು.

"ರಾವಸಾಬ ಕಾಕಾ, ಫೈನಲ್‌ದ ಹಿಂದಿನ ದಿನ ಪಪ್ಪಾ ಎಲ್ಲಿ ಹೋಗಿದ್ರು?"

"ಎಲ್ಲಿ ಹೋಗ್ತಾರವ್ವಾ, ಇಲ್ಲೇ ಇದ್ರು."

"ಆರಗಕ್ಕ ಹೋಗಿದ್ರು. ಹೌದಿಲ್ಲೋ?"

ರಾವಸಾಬ ತುತ್ತನ್ನು ತಟ್ಟೆಗೇ ಇಳಿಸಿದ. "ನೀ ನನಗ ಕೇಳಬ್ಯಾಡ, ನಾ ನಿನಗ ಸುಳ್ಳು ಹೇಳಾಂಗಿಲ್ಲ" ಎಂದ. ಆದರೆ ಅವನ ಕಣ್ಣು ತಾನಾಗಿ ಗೋದಾಮಿನ ಮೂಲೆಗೆ ಹೋಯಿತು. ಅಲ್ಲಿ ಅರಿಸಿನದ ಚೀಲಗಳ ನಡುವೆ ಒಂದು ಉದ್ದನೆಯ ಪೆಟ್ಟಿಗೆ ನಿಂತಿತ್ತು. ದೀಪಾಲಿ ಬಿಚ್ಚಿ ನೋಡಿದಳು. ಒಳಗೆ ಹೊಸ ರಾಕೆಟ್‌ಗಳು, ಅವಳೇ ಬಳಸುವ ದುಬಾರಿ ಕಂಪನಿಯವು. ಅವಳಿಗೆಂದು ತಂದಿದ್ದರೆ ಇಲ್ಲೇಕೆ ಇರಬೇಕು?

"ಇದು ಯಾರಿಗಿ?"

"ಮೊನ್ನೆ ಶೇಟ್ ನನ್ನ ಕೈಲೆ ಆರಗಕ್ಕ ಕಳಿಸಿದ್ರು. ಅವರು ತಗೊಳ್ಳಲಿಲ್ಲ. ಬಾಗಲದಾಗಿಂದನ ಹೊಳ್ಳಿ ಕಳಿಸಿದ್ರು." ಅವನು ಸ್ವಲ್ಪ ತಡೆದು ಹೇಳಿದ. "ಅಲ್ಲಿಗೆ ನೀನ ಹೋಗಿ ಕೇಳು ತಾಯಿ. ನನ್ನ ಬಾಯಿಲೆ ಬ್ಯಾಡ."

ಅವಳು ಸ್ಕೂಟಿಯನ್ನು ನೇರ ಮಿರಜದ ದಾರಿಗೆ ತಿರುಗಿಸಿದಳು. ದಾರಿಯುದ್ದಕ್ಕೂ ಅವಳಿಗೆ ಆ ಪಂದ್ಯ ಮತ್ತೆ ಮತ್ತೆ ಕಣ್ಣೆದುರು ಬಂತು. ಈಗ ಎಲ್ಲಕ್ಕೂ ಬೇರೆಯೇ ಅರ್ಥ. ಬಲೆಗೆ ಹೊಡೆದ ಆ ಚೆಂಡು ಬೇಕಂತಲೇ. ತಂತಿಗೆ ಬಡಿದ ಆ ಸರ್ವ್ ಬೇಕಂತಲೇ. ತನ್ನ ಕಾಲು ತಾವಾಗಿ ಓಡಿದವೆಂದು ತಾನು ತಿಳಿದದ್ದು ಬರೀ ಭ್ರಮೆ. ಎದುರಿನವಳು ಸೋಲಲೆಂದೇ ನಿಂತರೆ ಯಾರ ಕಾಲಾದರೂ ಓಡುತ್ತವೆ. ಮಿರಜ ದಾಟಿ ಕಬ್ಬು, ದ್ರಾಕ್ಷಿಯ ತೋಟಗಳ ನಡುವೆ ಆರಗ ಮುಟ್ಟುವಷ್ಟರಲ್ಲಿ ಅವಳು ಗೆದ್ದ ಒಂದೊಂದು ಪಾಯಿಂಟನ್ನೂ ತಾನೇ ಕಳೆದುಕೊಂಡಾಗಿತ್ತು.

ಊರ ಹೊರಗಿನ ಮನೆಯ ಮುಂದೆ ಯೋಗಿತಾ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಸ್ಕೂಟಿ ನಿಂತಿದ್ದನ್ನು ನೋಡಿದರೂ ಕೈ ನಿಲ್ಲಿಸಲಿಲ್ಲ. ಮನೆಯಲ್ಲಿ ಕನ್ನಡ ಕೇಳುತ್ತ ಬೆಳೆದರೂ ದೀಪಾಲಿಗೆ ಮಾತಾಡುವಾಗ ಮರಾಠಿಯೇ ಮೊದಲು ಬಾಯಿಗೆ ಬರುತ್ತಿತ್ತು. ಮರಾಠಿಯಲ್ಲೇ ಶುರುಮಾಡಿದಳು. ಯೋಗಿತಾ ನಡುವೆಯೇ ತಡೆದಳು.

"ಕನ್ನಡದಾಗ ಮಾತಾಡು. ನಮ್ಮವ್ವಗೂ ಕೇಳಲಿ."

ಅವಳ ತಾಯಿ ಮಾಳವ್ವ ಹೊಸ್ತಿಲಲ್ಲಿ ಬಂದು ನಿಂತಿದ್ದಳು. ಕುಂದ್ರು ಎಂದೂ ಅನ್ನಲಿಲ್ಲ.

ದೀಪಾಲಿ ತಡವರಿಸುತ್ತ ಕೇಳಿದಳು. "ನಮ್ಮ ಪಪ್ಪಾ ಇಲ್ಲಿ ಬಂದಿದ್ರೇನ?"

"ಗೊತ್ತಿಲ್ಲದಂಗ ಕೇಳತೀಯಲಾ."

"ಖರೇನ ಗೊತ್ತಿಲ್ಲ. ಇವತ್ತ ಗೊತ್ತಾತು."

ಯೋಗಿತಾ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಬಂದವಳ ಜೇಬಿನಲ್ಲಿ ಮೊಬೈಲ್ ಮಾತನ್ನು ಸೆರೆಹಿಡಿಯುತ್ತಿದೆಯೋ ಎಂಬ ಅನುಮಾನವೂ ಬಂದಿರಬೇಕು. "ಮೊಬೈಲ್ ಅಲ್ಲಿಡು" ಎಂದು ಕಟ್ಟೆ ತೋರಿಸಿದಳು. ದೀಪಾಲಿ ಇಟ್ಟಳು.

"ಬಂದಿದ್ರು" ಎಂದಳು ಯೋಗಿತಾ. "ಅಪ್ಪಾ ಕುರಿ ಹತ್ರ ಇದ್ದ. ಅಲ್ಲೇ ನಿಂತು ಮಾತಾಡಿದ್ರು. ನಾಳಿ ಫೈನಲ್‌ದಾಗ ನನ್ನ ಮಗಳು ಗೆಲ್ಲಲಿ, ನಿಮ್ಮ ಹುಡುಗಿಗೆ ಪುಣೆದಾಗ ದೊಡ್ಡ ಅಕಾಡೆಮಿಗೆ ಹಾಕತೀನಿ, ಎಲ್ಲಾ ಖರ್ಚು ನಂದು ಅಂದ್ರು. ಅಪ್ಪಾ ಸಿಟ್ಟಿಗೂ ಏಳಲಿಲ್ಲ. ಒಂದು ಚರಿಗಿ ಮಜ್ಜಿಗಿ ಕೊಟ್ಟು, ಕುಡದು ಹೋಗ್ರಿ ಅಂದ."

"ಅಂದ್ರ ಒಪ್ಪಲಿಲ್ಲ?"

"ಕೇಳಿದೇನವ್ವಾ?" ಎಂದು ಯೋಗಿತಾ ತಾಯಿಯತ್ತ ತಿರುಗಿದಳು. "ಈಕಿನೂ ಅದನ್ನ ಕೇಳ್ತಾಳ."

"ಮತ್ತ ನೀ ಅವತ್ತ ಹಂಗ್ಯಾಕ ಆಡಿದಿ?"

ಯೋಗಿತಾ ಸೊಪ್ಪಿನ ಕಟ್ಟನ್ನು ನೆಲಕ್ಕೆ ಎಸೆದಳು. "ಅವತ್ತ ಮುಂಜಾನೆ ಬಸ್ಸಿನ್ಯಾಗ ಅಪ್ಪಾ ಹೇಳಿದ. ಮೈ ಎಲ್ಲಾ ಉರದ್ಹೋತು. ಕೋರ್ಟ್ ಮ್ಯಾಲೆ ನೀ ನಕ್ಕೋತ ಬಂದಿ. ಈಕಿಗೂ ಗೊತ್ತೈತಿ, ಎಲ್ಲಾ ಕೂಡೇ ಮಾಡ್ಯಾರ ಅಂತ ತಿಳಕೊಂಡೆ. ನಿನಗ ಒಂದ್ ಗೇಮ್ ಸೈತ ಬಿಡಬಾರದು, ಆರು-ಸೊನ್ನೆ ಹೊಡದು ಕಳಸಬೇಕು ಅಂತ ಬಂದಿದ್ದೆ. ಹೊಡದಷ್ಟೂ ಹೊರಗ ಬಿತ್ತು. ಹೊರಗ ಬಿದ್ದಷ್ಟೂ ಜೋರ ಹೊಡದೆ. ನೀ ಮಾತ್ರ ಬಿಟ್ಟ ಬಾಲ್ ಒಂದೂ ಇಲ್ಲ. ಗೆರಿ ಮ್ಯಾಲ ಗೆರಿ. ಅಂಪೈರ್ನೂ ಕೊಂಡಾರೇನೋ ಅಂತ ನಾ ಪ್ರತಿ ಸರ್ತಿ ಮಣ್ಣಿನ್ಯಾಗಿನ ಗುರ್ತ ನೋಡ್ತಿದ್ದೆ. ಎಲ್ಲಾ ಒಳಗ ಇದ್ದವು."

ದೀಪಾಲಿ ಬಿದ್ದ ಸೊಪ್ಪಿನ ಕಟ್ಟನ್ನು ಎತ್ತಿ ಕೊಟ್ಟಳು. "ಕಮಿಟಿ ಮುಂದ ಇದನ್ನ ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ನಿಮ್ಮಪ್ಪ ಬಂದಿದ್ರು ಅಂದ್ರ, ನೋಡ್ರಿ, ಬಂದಿದ್ರಂತ, ಈಕಿ ಸೋತಾಳಂತ, ಮುಗೀತು ಅಂತಾರ. ಬಂದಿಲ್ಲ ಅಂದ್ರ ನಾ ಸುಳ್ಳು ಹೇಳಿದಂಗ. ಅದಕ್ಕ ಬಾಯಿ ಮುಚ್ಚಿಕೊಂಡು ಕುಂತೇನಿ."

ಮಾಳವ್ವ ಅಷ್ಟುಹೊತ್ತಿಗೆ ಮೊದಲ ಸಲ ಬಾಯಿ ತೆರೆದಳು. "ಸೋತದ್ದಕ್ಕ ಆಕಿಗೆ ದುಃಖಿಲ್ಲವ್ವಾ. ಆಟ ಬಿಡಸ್ಯಾರಲಾ, ಅದಕ್ಕ ಅನ್ನ ಸೇರವಲ್ದು."

ಆ ಸಂಜೆ ಮನೆಯ ಪಡಸಾಲೆಯಲ್ಲಿ ಬಾಳಾಸಾಹೇಬರು ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸಿ ಎದ್ದಿದ್ದರು. ದೀಪಾಲಿ ಗೋದಾಮಿನಿಂದ ತಂದ ರಾಕೆಟ್‌ಗಳ ಪೆಟ್ಟಿಗೆಯನ್ನು ಅವರ ಮುಂದೆ ಇಟ್ಟಳು. ಅವರು ಅದನ್ನು ನೋಡಿ, ಅಡುಗೆಮನೆಯ ಕಡೆ ನೋಡಿ, ದನಿ ತಗ್ಗಿಸಿದರು.

"ಮಮ್ಮಿಗೆ ಕೇಳಸೂದು ಬ್ಯಾಡ."

"ಯಾಕ ಹೋಗಿದ್ರಿ ಪಪ್ಪಾ?"

"ಹಿಂದಿನ ಸರ್ತಿ ಸೋತಾಗ ನೀ ಹೆಂಗಿದ್ದಿ ನೆನಪೈತೇನು? ಖೋಲಿ ಬಾಗಲಾ ಹಾಕ್ಕೊಂಡು ಕುಂತಿದ್ದಿ. ಇನ್ನೊಮ್ಮೆ ಸೋತ್ರ ರಾಕೆಟ್ ಮುಟ್ಟಂಗಿಲ್ಲ ಅಂದಿದ್ದಿ. ನನ್ನ ಕಡಿಂದ ನೋಡಾಕ ಆಗಲಿಲ್ಲವ್ವಾ. ಒಮ್ಮೆ ಗೆದ್ರ ಧೈರ್ಯ ಬರ್ತೈತಿ ಅಂದ್ಕೊಂಡೆ. ತಪ್ಪಾತು. ಆದ್ರ ಆ ಮನಷ್ಯಾ ಒಪ್ಪಲಿಲ್ಲ."

"ಒಪ್ಪಲಿಲ್ಲಂದ ಮ್ಯಾಲೆ ಈ ಪೆಟ್ಟಿಗಿ ಯಾಕ ಕಳಿಸಿದ್ರಿ?"

ಬಾಳಾಸಾಹೇಬರು ಪೆಟ್ಟಿಗೆಯನ್ನು ಗೋಡೆಯ ಬದಿಗೆ ಸರಿಸಿದರು. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಅವಳು ಸೋಫಾದ ಅಂಚಿನ ಮೇಲೆ ಕೂತುಬಿಟ್ಟಳು.

"ಅಂದ್ರ, ಅವರು ಆಮ್ಯಾಲ ಮನಸ್ ಬದಲ್ ಮಾಡ್ಯಾರ ಅಂತ ತಿಳಕೊಂಡ್ರಿ. ಆಕಿ ಬೇಕಂತ ಸೋತಾಳ ಅಂತ ತಿಳಕೊಂಡ್ರಿ."

"ಆರು-ಸೊನ್ನೆ, ಆರು-ಸೊನ್ನೆ..." ಎಂದರು ಅವರು. "ನಾ ಆದ್ರೂ ಏನಂತ ತಿಳೀಲಿ? ಆಡಿದ ಮಾತು ಉಳಿಸಿಕೊಳ್ಳಬೇಕಲಾ ಅಂತ ಕಳಿಸಿದೆ."

"ನಾನ ಗೆದ್ದೀನಿ ಅಂತ ಒಂದ್ ಗಳಿಗಿ ಸೈತ ಅನಸಲಿಲ್ಲ ನಿಮಗ?"

ಅವರು ಪೆಟ್ಟಿಗೆಯತ್ತ ನೋಡಿದರು. ಊರೆಲ್ಲ ಅನುಮಾನಪಟ್ಟದ್ದಕ್ಕಿಂತ ಇದರಿಂದ ಅವಳಿಗೆ ಹೆಚ್ಚು ನೋವಾಯಿತು. ಆದರೆ ಅಳು ಬರಲಿಲ್ಲ. ತಾನೂ ಆರಗದ ದಾರಿಯಲ್ಲಿ ಅದನ್ನೇ ನಂಬಿದ್ದಳಲ್ಲ.

ಅವಳು ಮೊಬೈಲ್ ತೆಗೆದಳು. ಕತ್ತರಿಸದ ಇಡೀ ಪಂದ್ಯದ ವಿಡಿಯೊವನ್ನು ಗೆಳತಿಯೊಬ್ಬಳು ಕಳಿಸಿದ್ದಳು. ಅವಳು ಅಲ್ಲಿಯವರೆಗೆ ಅದನ್ನು ತೆರೆದಿರಲಿಲ್ಲ. ತಂದೆಯ ಪಕ್ಕದಲ್ಲಿ ಕೂತು ಹಚ್ಚಿದಳು. "ಆಕಿನ್ನ ನೋಡಬ್ಯಾಡ್ರಿ. ನನ್ನ ಕಡೆ ಅಷ್ಟ ನೋಡ್ರಿ."

ಸಣ್ಣ ಪರದೆಯಲ್ಲಿ ಬಿಳಿ ಅಂಗಿಯ ಹುಡುಗಿಯೊಬ್ಬಳು ಓಡುತ್ತಿದ್ದಳು. ಯೋಗಿತಾ ಸಿಡಿಲಿನಂತೆ ಹೊಡೆದ ಒಂದು ಚೆಂಡು ಎಡಮೂಲೆಗೆ ಬಂತು. ಹುಡುಗಿ ಮಣ್ಣಿನಲ್ಲಿ ಜಾರುತ್ತ ಹೋಗಿ ಅದನ್ನು ಎತ್ತಿ ಎದುರಿನ ಗೆರೆಯ ಮೇಲೆಯೇ ಇಳಿಸಿದಳು.

ದೀಪಾಲಿ ಅಲ್ಲಿ ನಿಲ್ಲಿಸಿದಳು. "ಈ ಬಾಲ್ ನನಗ ಯಾರು ಕೊಟ್ರು ಪಪ್ಪಾ?"

ಬಾಳಾಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, "ಇನ್ನೊಮ್ಮೆ ತೋರಸು" ಎಂದರು. ಮತ್ತೆ ನೋಡಿದರು. ಮುಂದಿನದನ್ನೂ ನೋಡಿದರು. ದೀಪಾಲಿಯ ತಾಯಿ ಸುಮನ ಅಡುಗೆಮನೆಯಿಂದ ಬಂದು ಊಟಕ್ಕೆ ಕರೆದರೂ ಏಳಲಿಲ್ಲ. ಕೊನೆಗೆ ಮೊಬೈಲನ್ನು ಮಗಳ ಕೈಗೆ ಕೊಟ್ಟು, "ನನಗ ನೋಡಾಕ ಬರಲಿಲ್ಲ" ಎಂದರು.

"ಕಮಿಟಿ ಮುಂದ ಬಂದು ಹೇಳ್ರಿ."

"ಹೇಳಿದ್ರ ನಂಬತಾರೇನ? ನಿನ್ನ ಹೆಸರೂ ಕೆಡತೈತಿ."

"ಕೆಡ್ಲಿ. ಆಕಿ ಮನಿಯಾಗ ಕುಂತಾಳ."

ಸಮಿತಿಯ ಸಭೆ ಕ್ಲಬ್ಬಿನ ಹಳೆಯ ಕೋಣೆಯಲ್ಲಿ ನಡೆಯಿತು. ಛಾಯಾ ಮ್ಯಾಡಮ್ ಮೇಜಿನ ತುದಿಯಲ್ಲಿ ಕೂತಿದ್ದರು. ಅಮೋಘಸಿದ್ಧ, ಯೋಗಿತಾ ಗೋಡೆಯ ಪಕ್ಕದ ಬೆಂಚಿನ ಮೇಲಿದ್ದರು. ಬಾಳಾಸಾಹೇಬರು ನಿಂತುಕೊಂಡೇ ಹೇಳಿದರು. ಆರಗಕ್ಕೆ ಹೋದದ್ದು, ಕೇಳಿದ್ದು, ಅಮೋಘಸಿದ್ಧ ಒಲ್ಲೆ ಎಂದದ್ದು, ಪಂದ್ಯದ ನಂತರ ತಾವೇ ತಪ್ಪು ತಿಳಿದು ರಾಕೆಟ್ ಕಳಿಸಿದ್ದು, ಅದು ಬಾಗಿಲಿಂದಲೇ ಮರಳಿ ಬಂದದ್ದು. ಹೇಳುವಾಗ ಎರಡು ಸಲ ನೀರು ಕುಡಿದರು.

ಸಮಿತಿಯ ಹಿರಿಯ ಸದಸ್ಯ ದಾದಾಸಾಹೇಬ ಮುಗುಳ್ನಕ್ಕರು. "ನೀವು ಕೇಳಿದ್ದು ಖರೆ. ಅವರು ಒಲ್ಲೆ ಅಂದ್ರು ಅನ್ನೂದಕ್ಕ ಸಾಕ್ಷಿ ಏನು? ಗದ್ದಲ ಆದ ಮ್ಯಾಲ ಪೆಟ್ಟಿಗಿ ಹೊಳ್ಳಿ ಕಳಿಸಿರಬಹುದು."

ಅಮೋಘಸಿದ್ಧ ಎದ್ದು ನಿಂತ. "ಸಾಕ್ಷಿ ಇಲ್ರಿ. ನಾವಿಬ್ರೂ ಮತ್ತ ಕುರಿ, ಅಷ್ಟ ಇದ್ವಿ. ಸಾಹೇಬ್ರು ಇವತ್ತ ತಮ್ಮ ಮಾನಾ ತಾವ ಕಳಕೊಂಡು ಹೇಳ್ಯಾರ. ಅದ್ರಾಗ ಅವರಿಗೆ ಏನ್ ಲಾಭ ಐತಿ, ನೀವ ಹೇಳ್ರಿ."

ಆಮೇಲೆ ಛಾಯಾ ಮ್ಯಾಡಮ್ ಹೇಳಿದರು. "ಪ್ಯಾರಿಸ್‌ನ್ಯಾಗ ಒಂದ್ ಸರ್ತಿ ಗ್ರ್ಯಾಂಡ್ ಸ್ಲ್ಯಾಮ್ ಫೈನಲ್ ಹಿಂಗ ಆರು-ಸೊನ್ನೆ, ಆರು-ಸೊನ್ನೆ ಆಗಿ ಅರ್ಧ ತಾಸಿನ ಆಸುಪಾಸು ಮುಗದೈತಿ. ಸೋತಾಕಿಗೆ ಆಗ ಹದಿನೇಳು ವರ್ಷ. ಮುಂದ ಆಕಿ ಡಬಲ್ಸ್‌ದಾಗ ದೊಡ್ಡ ದೊಡ್ಡ ಕಪ್ ಗೆದ್ಲು. ನಾನೂ ಅವತ್ತ ಇಲ್ಲೇ ಅಂಪೈರ್ ಕುರ್ಚಿ ಮ್ಯಾಲಿದ್ದೆ. ಒಬ್ಬಾಕಿ ಸಿಟ್ಟಿಲೆ ಆಡಿದ್ಲು, ಒಬ್ಬಾಕಿ ಚಂದ ಆಡಿದ್ಲು. ನನಗ ಕಂಡದ್ದು ಅಷ್ಟ. ಅವತ್ತ ಅದನ್ನ ಬಾಯಿಬಿಟ್ಟು ಹೇಳಲಿಲ್ಲ, ನನಗೂ ಸಂಶೆ ಇತ್ತು."

ಯೋಗಿತಾಳ ಮೇಲಿನ ತಡೆ ತೆಗೆದರು. ಬಾಳಾಸಾಹೇಬರ ಸದಸ್ಯತ್ವ ರದ್ದಾಯಿತು. ಕ್ಲಬ್ಬಿನ ಗೇಟಿನೊಳಗೆ ಅವರು ಇನ್ನು ಕಾಲಿಡುವಂತಿಲ್ಲ. ಫಲಿತಾಂಶ ಹಾಗೆಯೇ ಉಳಿಯಿತು. ದಾದಾಸಾಹೇಬರು ಸಹಿ ಹಾಕಿದರು, ಆದರೆ ಹೊರಗೆ ಹೋಗುವಾಗ ತಲೆ ಅಲ್ಲಾಡಿಸುತ್ತಲೇ ಹೋದರು.

ಮೆಟ್ಟಿಲ ಬಳಿ ಬಾಳಾಸಾಹೇಬರು ಅಮೋಘಸಿದ್ಧನಿಗೆ ಕೈ ಮುಗಿದರು. ಅವನು ಮರಳಿ ಮುಗಿದು ಮೆಟ್ಟಿಲಿಳಿದ. ಅವನ ಸಿಟ್ಟು ಇಳಿದಿತ್ತೋ ಇಲ್ಲವೋ, ಅವನ ಮುಖ ನೋಡಿ ಯಾರಿಗೂ ಹೇಳಲು ಬರುವಂತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಮಿರಜದಲ್ಲಿ ರಾಜ್ಯ ತಂಡದ ಆಯ್ಕೆಯ ಪಂದ್ಯಗಳಾದವು. ಚೀಟಿ ಎತ್ತಿದಾಗ ದೀಪಾಲಿ ಮತ್ತು ಯೋಗಿತಾ ಮತ್ತೆ ಎದುರಾದರು. ನೋಡಲು ಬಂದ ಮಂದಿಯೇ ಮಂದಿ. ಅರ್ಧದಷ್ಟು ಜನ ಮೊಬೈಲ್ ಎತ್ತಿ ಹಿಡಿದಿದ್ದರು. ಯೋಗಿತಾ ಒಂದು ಸರ್ವ್ ಹೊರಗೆ ಹಾಕಿದರೆ ಹಿಂದಿನ ಸಾಲಿನಲ್ಲಿ ಪಿಸುಮಾತು. ದೀಪಾಲಿ ಒಂದು ಸುಲಭದ ಚೆಂಡು ಬಿಟ್ಟರೆ ಅಲ್ಲೂ ಪಿಸುಮಾತು. ಅರಿಹಂತ ಸರ್ ಎರಡು ಸಲ ಎದ್ದು ಜನರತ್ತ ತಿರುಗಿ ಬಯ್ದರು.

ಆಟ ಮೂರನೆಯ ಸೆಟ್‌ಗೆ ಹೋಯಿತು. ಯೋಗಿತಾ ತನ್ನ ಹಳೆಯ ತಾಳ್ಮೆಗೆ ಮರಳಿದ್ದಳು. ದೀಪಾಲಿಯ ಕಾಲು ಆ ದಿನ ತಾವಾಗಿ ಓಡಲಿಲ್ಲ, ಅವಳೇ ಓಡಿಸಬೇಕಾಯಿತು. ಓಡಿಸಿದಳು. ಕೊನೆಗೆ ಏಳು-ಐದರಲ್ಲಿ ಯೋಗಿತಾ ಗೆದ್ದಳು.

ಬಲೆಯ ಬಳಿ ಇಬ್ಬರೂ ಏದುಸಿರು ಬಿಡುತ್ತ ನಿಂತರು. ಈ ಸಲ ಯೋಗಿತಾ ಕೈಯನ್ನು ಗಟ್ಟಿಯಾಗಿಯೇ ಹಿಡಿದಳು.

"ಅವತ್ತಿನಂಗ ಇನ್ನೊಮ್ಮೆ ಆಡಾಕ ಬರ್ತೈತೇನ ನಿನಗ?"

"ಗೊತ್ತಿಲ್ಲ" ಎಂದಳು ದೀಪಾಲಿ. "ನಿನಗ ಸಿಟ್ಟ ಬರಸಬೇಕಾಗ್ತೈತಿ."

ಯೋಗಿತಾ ನಕ್ಕಳು. ಬೆವರಿನ ಮುಖವನ್ನು ತೋಳಿಗೆ ಒರೆಸಿಕೊಂಡು ತನ್ನ ತಂದೆಯ ಕಡೆ ಹೋದಳು.

ದೀಪಾಲಿ ಬೆಂಚಿನ ಮೇಲೆ ಕೂತು ಶೂ ಬಿಚ್ಚತೊಡಗಿದಳು. ಬೇಲಿಯಾಚೆಯಿಂದ ಯಾರೋ ಒಬ್ಬ ಮೊಬೈಲನ್ನು ಅವಳತ್ತ ಹಿಡಿದು ನಗುತ್ತ ಕೂಗಿದ. "ಏನಕ್ಕಾ, ಈ ಸರ್ತಿ ನೀವು ಬಿಟ್ಟುಕೊಟ್ಟಿರೇನ?"

ಅವಳು ತಲೆ ಎತ್ತಿ ಅವನನ್ನು ನೋಡಿದಳು. ಅವನಿಗೆ ಉತ್ತರ ಬೇಕಾಗಿರಲಿಲ್ಲ, ಅದು ಅವನ ಮುಖದಲ್ಲೇ ಇತ್ತು. ಅವಳು ಇನ್ನೊಂದು ಶೂವಿನ ಲೇಸಿಗೆ ಕೈ ಹಾಕಿದಳು. ಓಡಾಟಕ್ಕೆ ಗಂಟು ಬಿಗಿದಿತ್ತು, ಬಿಚ್ಚಲು ಸ್ವಲ್ಪ ಹೊತ್ತೇ ಹಿಡಿಯಿತು.